ನೈಟ್ ಕಥೆಗೆ ಕೈ ಹಾಕುವ ಮುನ್ನ ಓದುಗರ ಅಭಿಪ್ರಾಯ ಓದುವುದು ಹೇಗೆ?

ಹೋದ ವರ್ಷ 4.7 ಸ್ಟಾರ್ ನೋಡಿ ಒಬ್ಬ ನೈಟ್‌ನ, ಅಂದರೆ ಹಳೆಯ ಯುರೋಪಿನ ಕವಚ ತೊಟ್ಟ ಕುದುರೆ ಯೋಧನ, ವೆಬ್ ಕಾದಂಬರಿ (ಆನ್‌ಲೈನ್‌ನಲ್ಲಿ ಅಧ್ಯಾಯ ಅಧ್ಯಾಯವಾಗಿ ಬರುವ ಕಥೆ) ಶುರು ಮಾಡಿದೆ. ಮೊದಲ 40 ಅಧ್ಯಾಯ ನಿಜಕ್ಕೂ ಚೆನ್ನಾಗಿತ್ತು. ಮನೆತನ ಕಳೆದುಕೊಂಡ ಹುಡುಗ, ತುಕ್ಕು ಹಿಡಿದ ಕತ್ತಿ, ಬೈಗುಳದಲ್ಲೇ ಪಾಠ ಹೇಳುವ ಗುರು. 41ರಲ್ಲಿ ಒಂದು ಪಂದ್ಯಾವಳಿ ಶುರುವಾಯಿತು. 200 ದಾಟಿದರೂ ಅದೇ ಪಂದ್ಯಾವಳಿ! ತಲೆ ಕೆಟ್ಟು ಅಭಿಪ್ರಾಯಗಳನ್ನು ಮತ್ತೆ ತೆರೆದೆ. ಹೊಗಳಿದವರಲ್ಲಿ ಹೆಚ್ಚಿನವರು 30ನೇ ಅಧ್ಯಾಯವನ್ನೇ ದಾಟಿರಲಿಲ್ಲ.

ಹಾಗಾಗಿ ಈಗ ಸ್ಟಾರ್‌ಗಿಂತ ಮೊದಲು, ಬರೆದವರು ಎಲ್ಲಿವರೆಗೆ ಓದಿದ್ದಾರೆ ಅಂತ ನೋಡುತ್ತೇನೆ. ಅನುವಾದಿತ ಕಾದಂಬರಿಗಳ ಪಟ್ಟಿ, ಅಭಿಪ್ರಾಯ ಇರುವ ನಾವೆಲ್ ಅಪ್‌ಡೇಟ್ಸ್ ಜಾಲತಾಣದಲ್ಲಿ ಇದು ಅಭಿಪ್ರಾಯದ ಜೊತೆಗೇ ಕಾಣುತ್ತದೆ. ಬೇರೆ ಕಡೆ ಮಾತಿನಲ್ಲೇ ಹುಡುಕಬೇಕು. ವೆಬ್ ಕಾದಂಬರಿ ಬರೆಯುತ್ತಾ ಬರೆಯುತ್ತಾ ಬೆಳೆಯುವಂಥದ್ದು. ಮೊದಲ ತಿಂಗಳು ಸಿಕ್ಕ ಸ್ಟಾರ್ ಮೂರು ವರ್ಷದ ನಂತರವೂ ಅಂಟಿಕೊಂಡಿರುತ್ತದೆ. ಹಾಗಂತ 500ನೇ ಅಧ್ಯಾಯದವರ ಹೊಗಳಿಕೆಯನ್ನೂ ಪೂರ್ತಿ ನಂಬಬೇಡಿ. ಬೇಜಾರಾದವರು ಅಷ್ಟರಲ್ಲಿ ಸುಮ್ನೆ ಎದ್ದು ಹೋಗಿರುತ್ತಾರೆ, ಉಳಿದವರು ಅಭಿಮಾನಿಗಳೇ ಅಲ್ವಾ? ನನಗೆ ಜಾಸ್ತಿ ಉಪಯೋಗಕ್ಕೆ ಬರುವವರು ನಡುವೆ ಬಿಟ್ಟು, ಯಾಕೆ ಬಿಟ್ಟೆ ಅಂತ ಹೇಳಿದವರು.

ಆದರೆ ಅವರ ದೂರನ್ನೂ ತೂಗಿ ನೋಡಬೇಕು. ನೈಟ್ ಕಥೆಗಳಲ್ಲಿ ಇದು ಮಜಾ. "ಅಷ್ಟು ಭಾರದ ಉಕ್ಕಿನ ಕವಚ ತೊಟ್ಟು ಓಡುತ್ತಾನೆ, ನಂಬೋಕಾಗಲ್ಲ" ಅಂತ ಒಬ್ಬರು ಎರಡು ಸ್ಟಾರ್ ಕೊಟ್ಟಿದ್ದರು. ಯುದ್ಧಕ್ಕೆ ತೊಡುತ್ತಿದ್ದ ಪೂರ್ತಿ ಕವಚದ ತೂಕ ಸುಮಾರು 15ರಿಂದ 25 ಕೆಜಿ. ಅದು ಮೈತುಂಬ ಹಂಚಿಹೋಗುತ್ತದೆ. ಪಳಗಿದವನು ಓಡುತ್ತಿದ್ದ, ಯಾರ ನೆರವೂ ಇಲ್ಲದೆ ಕುದುರೆ ಹತ್ತುತ್ತಿದ್ದ. ಇಲ್ಲಿ ತಪ್ಪಿದ್ದು ಓದುಗ, ಲೇಖಕ ಅಲ್ಲ. ಅದೇ "ಮಾಮೂಲಿ ಕತ್ತಿಯಿಂದ ಕವಚವನ್ನು ಕಾಗದದ ಹಾಗೆ ಸೀಳುತ್ತಾನೆ" ಅಂದರೆ ದೂರಿನಲ್ಲಿ ಹುರುಳಿದೆ. ಕತ್ತಿಯ ಅಲಗು ಉಕ್ಕಿನ ತಗಡನ್ನು ಹಾಗೆ ಸೀಳುವುದಿಲ್ಲ. ಕಂಕುಳು, ಮುಖದ ಕಿಂಡಿಯಂಥ ಸಂದಿಗಳಿಗೆ ಮೊನೆ ತೂರಿಸಬೇಕಿತ್ತು. ಕತ್ತಿಗೆ ಮಂತ್ರಶಕ್ತಿ ಇದ್ದರೆ ಅದು ಬೇರೆ ಮಾತು. ಆದರೆ ಆ ಶಕ್ತಿಗೂ ಒಂದು ಮಿತಿ ಇದೆಯಾ ಅನ್ನುವುದನ್ನು ಅಭಿಪ್ರಾಯಗಳಲ್ಲಿ ಹುಡುಕಿ.

ಇನ್ನು ಕೆಲವರ ದೂರು ನನಗೆ ಆಹ್ವಾನದ ಹಾಗೆ ಕೇಳಿಸುತ್ತದೆ. "60 ಅಧ್ಯಾಯ ಆದರೂ ನಾಯಕ ಕುದುರೆ ಮೈ ಉಜ್ಜುತ್ತಲೇ ಇದ್ದಾನೆ." ಸರಿ, ಇದು ನನ್ನ ಕಥೆ! ಸಾಮಾನ್ಯವಾಗಿ ಏಳು ವರ್ಷದ ಹೊತ್ತಿಗೆ ಸೇವೆಗೆ ಸೇರಿ, 14ರ ಸುಮಾರಿಗೆ ಸ್ಕ್ವೈರ್ (ನೈಟ್‌ನ ಕೈಕೆಳಗೆ ಪಳಗುವ ಸಹಾಯಕ) ಆಗಿ, 21ರ ಆಸುಪಾಸಿನಲ್ಲಿ ನೈಟ್ ಆಗುತ್ತಿದ್ದರು. ಆ ಕಾಯುವಿಕೆ ಬರೆಯುವ ತಾಳ್ಮೆ ಇರುವ ಲೇಖಕರು ಕಡಿಮೆ.

ಅನುವಾದವಾದರೆ ಇನ್ನೊಂದು ಎಚ್ಚರ. ಉದಾಹರಣೆಗೆ, ಕೊರಿಯನ್ ವಾಕ್ಯದಲ್ಲಿ ಕರ್ತೃಪದ ಆಗಾಗ ಬಿಟ್ಟುಹೋಗಿರುತ್ತದೆ. ಯಂತ್ರಾನುವಾದದಲ್ಲಿ "ಅವನು" ಇದ್ದಕ್ಕಿದ್ದಂತೆ "ಅವಳು" ಆಗಿಬಿಡುತ್ತಾನೆ. "ಯಾರು ಮಾತಾಡ್ತಿದ್ದಾರೋ ಗೊತ್ತಾಗಲ್ಲ" ಅನ್ನುವ ದೂರಿಗೆ ಲೇಖಕರನ್ನೇ ಹೊಣೆ ಮಾಡಬೇಡಿ.

ವೆಬ್ ಕಾದಂಬರಿಗಳ ಜಾಲತಾಣ ರಾಯಲ್ ರೋಡ್‌ನಲ್ಲಿ ಅಭಿಪ್ರಾಯ ವಿವರವಾಗಿ ಬರೆಯುವವರು ಶೈಲಿ, ಕಥೆ, ವ್ಯಾಕರಣ, ಪಾತ್ರ ಅಂತ ಬೇರೆ ಬೇರೆ ಸ್ಟಾರ್ ಕೊಡಬಹುದು. ನಾನು ಪಾತ್ರದ್ದೊಂದನ್ನೇ ನೋಡುವುದು. ಕತ್ತಿವರಸೆ ಎಷ್ಟೇ ಚೆನ್ನಾಗಿರಲಿ, ಮನುಷ್ಯ ಮರದ ಬೊಂಬೆಯಾದರೆ ನನಗೆ ಬೇಡ.

ನೀವೂ ಬರೆಯಿರಿ. ಎಷ್ಟನೇ ಅಧ್ಯಾಯದಲ್ಲಿದ್ದೀರಿ ಅಂತ ಮೊದಲ ಸಾಲಲ್ಲೇ ಹೇಳಿ. "ಬೋರ್" ಅನ್ನುವ ಬದಲು ಬೋರಾದ ಜಾಗ ತೋರಿಸಿ. ಯಾರು ಸತ್ತರು ಅಂತ ಮಾತ್ರ ಬಾಯಿಬಿಡಬೇಡಿ. ಆ ಪಂದ್ಯಾವಳಿ ಕಥೆಗೆ ನಾನು ಬರೆದದ್ದು ಇಷ್ಟೇ: "212ರಲ್ಲಿ ಬಿಟ್ಟೆ. 40ರವರೆಗೆ ಧಾರಾಳವಾಗಿ ಓದಿ. 41ಕ್ಕೆ ಶುರುವಾದ ಪಂದ್ಯಾವಳಿ ಇನ್ನೂ ಮುಗಿದಿಲ್ಲ. ಪಾಪ, ಕುದುರೆಗೆ ಇನ್ನೂ ಹೆಸರಿಟ್ಟಿಲ್ಲ."