ಮನೆ ಸಾಮಾನಿಗೆ ವಿಮೆ: ಎಷ್ಟು ಮೊತ್ತಕ್ಕೆ ಮಾಡಿಸಬೇಕು?

ಮನೆ ಸಾಮಾನಿಗೆ ವಿಮೆ ಮಾಡಿಸುವಾಗ ಎಲ್ಲರೂ ಒಂದು ಕಡೆ ತಡವರಿಸುತ್ತಾರೆ. ‘ಸಾಮಾನಿನ ಒಟ್ಟು ಬೆಲೆ ಎಷ್ಟು?’ ಅಂತ ಫಾರ್ಮ್ ಕೇಳುತ್ತದೆ. ಟಿವಿ, ಫ್ರಿಜ್, ವಾಷಿಂಗ್ ಮೆಷಿನ್, ಮಂಚ, ಸೋಫಾ ಅಂತ ಮನಸ್ಸಿನಲ್ಲೇ ಕೂಡಿಸಿ ಒಂದು ಅಂಕಿ ಬರೆದುಬಿಡುತ್ತೇವೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಹೀಗೆ ಬರೆದ ಅಂಕಿ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ.

ಮೊದಲು ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು ನೋಡೋಣ. ಮನೆ ಖಾಲಿ ಮಾಡಿ ಹೊರಟರೆ ಲಾರಿಗೆ ಏನೇನು ಹೇರುತ್ತೀರೋ ಅದೆಲ್ಲ ಸಾಮಾನು. ಗೋಡೆ, ಬಾಗಿಲು, ನೆಲ, ಚಾವಣಿ ಕಟ್ಟಡದ ವಿಮೆಗೆ ಸೇರಿದ್ದು. ಬಾಡಿಗೆ ಮನೆಯವರಿಗೆ ಅದರ ಚಿಂತೆ ಬೇಡ, ಸಾಮಾನಿನ ವಿಮೆಯೊಂದೇ ಸಾಕು.

ಇನ್ನು ಎಣಿಕೆ. ಮೊಬೈಲ್ ಹಿಡಿದು ಒಂದೊಂದೇ ಕೋಣೆಗೆ ಹೋಗಿ ವಿಡಿಯೊ ಮಾಡಿ, ಡ್ರಾಯರ್, ಕಪಾಟು ಎಲ್ಲ ತೆಗೆದು ತೋರಿಸಿ. ಆಮೇಲೆ ಕೂತು ಪಟ್ಟಿ ಬರೆಯಿರಿ. ಎರಡನೇ ಸಲ ನಾನು ಬಟ್ಟೆಯ ಕಪಾಟಿನಿಂದ ಶುರು ಮಾಡಿದೆ. 14 ಶರ್ಟು, 6 ಪ್ಯಾಂಟು, 2 ಜಾಕೆಟ್, ಮೂಲೆಯಲ್ಲಿ ಮಡಚಿಟ್ಟ ಹೊದಿಕೆಗಳು, ಕೆಳಗೆ 4 ಜೊತೆ ಶೂ, ಅದರಲ್ಲೊಂದು ಹಾಕಿಯೇ ಇಲ್ಲ! ಇಷ್ಟನ್ನೂ ಇವತ್ತೇ ಹೊಸದಾಗಿ ಕೊಳ್ಳಬೇಕು ಅಂತ ಲೆಕ್ಕ ಹಾಕಿದರೆ ಟಿವಿಯ ಬೆಲೆಯನ್ನೇ ದಾಟಿತು. ಅಡುಗೆಮನೆಯದೂ ಇದೇ ಕಥೆ. ವಿಡಿಯೊ, ಪಟ್ಟಿ, ಬಿಲ್ಲಿನ ಫೋಟೊಗಳನ್ನು ನಿಮ್ಮದೇ ಇಮೇಲಿಗೆ ಕಳಿಸಿಟ್ಟುಕೊಳ್ಳಿ. ಬೆಂಕಿ ಬಿದ್ದರೆ ಮೊಬೈಲೂ ಹೋಗಬಹುದು ಅಲ್ವಾ?

ಯಾವ ಬೆಲೆ ಬರೆಯಬೇಕು ಅನ್ನುವುದು ಪಾಲಿಸಿಯ ಮೇಲಿದೆ. ಕೆಲವು ಪಾಲಿಸಿಗಳು ಹಳೆಯ ವಸ್ತು ಹೋದರೆ ಅಂಥದ್ದೇ ಹೊಸದರ ಬೆಲೆ ಕೊಡುತ್ತವೆ. ಅಲ್ಲಿ ನೀವು ಕೊಂಡಾಗಿನ ಬೆಲೆ ಬಿಟ್ಟು ಈಗಿನ ಬೆಲೆ ಬರೆಯಬೇಕು. ಇನ್ನು ಕೆಲವು ಪಾಲಿಸಿಗಳು ವಸ್ತುವಿನ ವಯಸ್ಸು ನೋಡಿ ಸವಕಳಿ ಕಳೆದು ಕೊಡುತ್ತವೆ. ಇದರ ಪ್ರೀಮಿಯಂ ಕಡಿಮೆ, ಆದರೆ 8 ವರ್ಷದ ಫ್ರಿಜ್ ಸುಟ್ಟಾಗ ಬರುವ ದುಡ್ಡಲ್ಲಿ ಹೊಸ ಫ್ರಿಜ್ ಬರುವುದಿಲ್ಲ. ನನ್ನ ಮಟ್ಟಿಗೆ ಮೊದಲನೆಯದೇ ಒಳ್ಳೆಯದು.

ಮೊತ್ತ ಕಡಿಮೆ ಬರೆದರೆ ಪ್ರೀಮಿಯಂ ಉಳಿಯಿತಲ್ಲ, ಎಲ್ಲ ಸಾಮಾನು ಒಟ್ಟಿಗೆ ಎಲ್ಲಿ ಹೋಗುತ್ತದೆ ಅಂತ ನಿಮಗೆ ಅನ್ನಿಸಬಹುದು. ಇಲ್ಲೇ ಸಿಕ್ಕಿಬೀಳುವುದು. ನಿಮ್ಮ ಸಾಮಾನಿನ ನಿಜವಾದ ಬೆಲೆ 100 ಅಂದುಕೊಳ್ಳಿ, ನೀವು 60ಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ, ಒಂದು ಕೋಣೆಗೆ ನೀರು ನುಗ್ಗಿ 20ರಷ್ಟು ಹಾಳಾಯಿತು. 60ರೊಳಗೇ ಇದೆಯಲ್ಲ, ಪೂರ್ತಿ 20 ಬರುತ್ತದೆ ಅಂತ ಕಾಯುತ್ತೀರಿ. ಕೆಲವು ಪಾಲಿಸಿಗಳಲ್ಲಿ ಬರುವುದು 12 ಮಾತ್ರ, ಯಾಕೆಂದರೆ ನೀವು ವಿಮೆ ಮಾಡಿಸಿದ್ದು 100ಕ್ಕೆ 60 ಪಾಲು, ನಷ್ಟವನ್ನೂ ಅದೇ ಪಾಲಿನಲ್ಲಿ ಕಟ್ಟಿಕೊಡುತ್ತಾರೆ. ಹಾಗಂತ ಸುಮ್ನೆ ಜಾಸ್ತಿ ಬರೆದರೂ ಲಾಭವಿಲ್ಲ. ಆದ ನಷ್ಟಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ, ಪ್ರೀಮಿಯಂ ಮಾತ್ರ ದಂಡ.

ಒಡವೆ, ಕ್ಯಾಮೆರಾ, ದುಬಾರಿ ವಾಚ್ ಇದ್ದರೆ ಒಂದು ವಸ್ತುವಿಗೆ ಗರಿಷ್ಠ ಎಷ್ಟು ಕೊಡುತ್ತಾರೆ ಅಂತ ಪಾಲಿಸಿಯಲ್ಲಿ ಹುಡುಕಿ. ಮಿತಿ ದಾಟುವಂಥವನ್ನು ಹೆಸರು ಹಿಡಿದು, ಬೆಲೆ ಹಾಕಿ ಬೇರೆಯಾಗಿ ಸೇರಿಸಬೇಕು. ಮನೆಯಿಂದ ಹೊರಗೆ ಒಯ್ಯುವ ಲ್ಯಾಪ್‌ಟಾಪ್, ಸೈಕಲ್‌ಗೆ ರಕ್ಷಣೆ ಇದೆಯೇ ಅಂತಲೂ ಕೇಳಿ, ಎಷ್ಟೋ ಸಲ ಇರುವುದಿಲ್ಲ. ಪ್ರತಿ ಕ್ಲೇಮಿನಲ್ಲಿ ಮೊದಲ ಇಷ್ಟು ಭಾಗ ನಿಮ್ಮದೇ ಖರ್ಚು ಅಂತಲೂ ಇರುತ್ತದೆ. ಅದನ್ನು ಹೆಚ್ಚಿಸಿಕೊಂಡರೆ ಪ್ರೀಮಿಯಂ ಇಳಿಯುತ್ತದೆ, ಆದರೆ ಆ ದುಡ್ಡು ಅವತ್ತು ನಿಮ್ಮ ಕೈಯಲ್ಲಿರಬೇಕು.

ಪ್ರತಿ ವರ್ಷ ನವೀಕರಣದ ಮೆಸೇಜ್ ಬಂದಾಗ ಹಣ ಕಟ್ಟುವ ಮೊದಲು ಪಟ್ಟಿ ತೆಗೆಯಿರಿ. ಹೊಸದಾಗಿ ಬಂದದ್ದಕ್ಕೆ ಒಂದು ಸಾಲು ಸೇರಿಸಿ, ಮಾರಿದ್ದನ್ನು, ಕೊಟ್ಟುಬಿಟ್ಟಿದ್ದನ್ನು ಹೊಡೆದುಹಾಕಿ, ಹೊಸ ಮೊತ್ತವನ್ನು ಅವರಿಗೆ ತಿಳಿಸಿ.