ರಿಪೇರಿಯಾದ ಮೇಲೆ ಬಸ್ಸು ಅದುರುತ್ತಿದ್ದರೆ: ಪ್ರೊಪೆಲ್ಲರ್ ಶಾಫ್ಟ್ ಪರೀಕ್ಷಿಸುವ ಕ್ರಮ

ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನ ತಿರುಗಾಟವನ್ನು ಹಿಂದಿನ ಆಕ್ಸಲ್‌ಗೆ ಒಯ್ಯುವ ಉದ್ದ ಕೊಳವೆ) ಕ್ರಾಸ್ (ಶಾಫ್ಟ್ ಓರೆಯಲ್ಲೂ ತಿರುಗುವಂತೆ ಮಾಡುವ ಕೂಡುಗೀಲು) ಬದಲಾಯಿಸಿ, ಹೊಸ ಸೆಂಟರ್ ಬೇರಿಂಗ್ (ಶಾಫ್ಟನ್ನು ನಡುವೆ ಆಧರಿಸುವ ಬೇರಿಂಗ್) ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಟ ಬಸ್ಸು ಐವತ್ತರ ವೇಗ ದಾಟುತ್ತಿದ್ದಂತೆ ಅದುರತೊಡಗಿದರೆ, ಸಾಮಾನ್ಯವಾಗಿ ಮೊದಲು ಕೇಳಿಬರುವ ಮಾತು ಶಾಫ್ಟಿನ ಬ್ಯಾಲೆನ್ಸ್ ಹೋಗಿದೆ ಎಂಬುದು. ಶಾಫ್ಟನ್ನು ಮತ್ತೆ ಇಳಿಸಿ ಬ್ಯಾಲೆನ್ಸಿಂಗ್‌ಗೆ ಕಳಿಸಲಾಗುತ್ತದೆ; ಒಂದು ದಿನದ ಟ್ರಿಪ್ ನಿಲ್ಲುತ್ತದೆ, ಹಣ ಹೋಗುತ್ತದೆ, ಕಂಪನ ಮಾತ್ರ ಅನೇಕ ಬಾರಿ ಹಾಗೆಯೇ ಉಳಿಯುತ್ತದೆ. ರಿಪೇರಿಗೆ ಮುಂಚೆ ಇಲ್ಲದಿದ್ದ ಕಂಪನ ರಿಪೇರಿಯ ನಂತರ ಕಾಣಿಸಿಕೊಂಡಿದ್ದರೆ ಅದರ ಮೂಲ ಬಹುಮಟ್ಟಿಗೆ ನಾವು ಬಿಚ್ಚಿ ಜೋಡಿಸಿದ ಜಾಗದಲ್ಲಿಯೇ ಇರುತ್ತದೆ. ಆದುದರಿಂದ ಸ್ಪ್ಯಾನರ್ ಹಿಡಿಯುವ ಮುಂಚೆ ಶಾಫ್ಟ್ ಮಾತ್ರ ಇಳಿಸಿದ್ದೇ, ಹಿಂದಿನ ಪ್ಲೇಟುಗಳನ್ನೂ (ಸ್ಪ್ರಿಂಗ್ ಪಟ್ಟಿಗಳನ್ನೂ) ಬಿಚ್ಚಿದ್ದೇ, ಗೇರ್‌ಬಾಕ್ಸಿನ ಮೌಂಟಿಂಗ್ ಬದಲಾಯಿಸಿದ್ದೇ, ಟೈರುಗಳನ್ನು ಅದಲುಬದಲು ಮಾಡಿದ್ದೇ ಎಂಬುದನ್ನೆಲ್ಲ ಕೆಲಸ ಮಾಡಿದವರಿಂದಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಅನಂತರ ಮಾಡಬೇಕಾದದ್ದು ರಸ್ತೆಯ ಮೇಲಿನ ಪರೀಕ್ಷೆ. ಹಾಸನದವರಿಗೆ ಚನ್ನರಾಯಪಟ್ಟಣದ ಕಡೆಗಿನ ನಾಲ್ಕು ಪಥದ ಹೆದ್ದಾರಿ, ಚಿಕ್ಕಮಗಳೂರಿನವರಿಗೆ ಕಡೂರಿನ ರಸ್ತೆ ಇದಕ್ಕೆ ಅನುಕೂಲ. ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಾಟ ಯಾವುದು, ಕಂಪನ ಯಾವುದು ಎಂದು ತಿಳಿಯುವುದಿಲ್ಲ. ಕಂಪನ ಎಷ್ಟು ವೇಗದಲ್ಲಿ ಶುರುವಾಗಿ ಎಷ್ಟರಲ್ಲಿ ತೀವ್ರವಾಗುತ್ತದೆ ಎಂಬುದನ್ನು ಗುರುತಿಸಿಕೊಂಡು, ಎಂಜಿನ್ನಿನ ಮಿತಿ ಮೀರದಂತೆ ಅದೇ ವೇಗದಲ್ಲಿ ಒಂದು ಗೇರ್ ಇಳಿಸಿ ಓಡಿಸಬೇಕು. ಗೇರ್ ಬದಲಾದರೂ ಅದೇ ವೇಗದಲ್ಲಿ ಕಂಪನ ಮುಂದುವರಿದರೆ ದೋಷವು ಗೇರ್‌ಬಾಕ್ಸಿನಿಂದ ಹಿಂದಕ್ಕೆ, ಎಂದರೆ ಶಾಫ್ಟ್, ಹೌಸಿಂಗ್ (ಹಿಂದಿನ ಆಕ್ಸಲ್‌ನ ಕವಚ) ಅಥವಾ ಚಕ್ರಗಳಲ್ಲಿದೆ. ವೇಗ ಯಾವುದಿದ್ದರೂ ಎಂಜಿನ್ ಒಂದು ನಿರ್ದಿಷ್ಟ ಆರ್‌ಪಿಎಂ ಮುಟ್ಟಿದಾಗಲೆಲ್ಲ ಕಂಪನ ಬಂದರೆ ಎಂಜಿನ್, ಕ್ಲಚ್ ಅಥವಾ ಅವುಗಳ ಮೌಂಟಿಂಗ್ ನೋಡಬೇಕು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ನ್ಯೂಟ್ರಲ್‌ನಲ್ಲಿ ಹೋಗಲು ಬಿಟ್ಟೂ ಇದನ್ನು ಖಚಿತಪಡಿಸಿಕೊಳ್ಳಬಹುದು; ಇಳಿಜಾರಿನಲ್ಲಿ ಮಾತ್ರ, ಅದರಲ್ಲೂ ಘಾಟಿಯಲ್ಲಿ, ಹೀಗೆ ಎಂದಿಗೂ ಮಾಡಕೂಡದು.

ಕಂಪನದ ಲಯವನ್ನು ಲೆಕ್ಕದಿಂದಲೂ ಹಿಡಿಯಬಹುದು. ಬಸ್ಸಿನ ಟೈರು ಒಂದು ಸುತ್ತಿಗೆ ಸುಮಾರು 3.2 ಮೀಟರ್ ಹೋಗುತ್ತದೆ ಎಂದಿಟ್ಟುಕೊಂಡರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 5 ಸುತ್ತು ತಿರುಗುತ್ತದೆ. ಕ್ರೌನ್ ಪಿನಿಯನ್ನಿನ (ಶಾಫ್ಟಿನ ತಿರುಗಾಟವನ್ನು ಹಿಂದಿನ ಚಕ್ರಗಳಿಗೆ ದಾಟಿಸುವ ಹಲ್ಲುಚಕ್ರಗಳ ಜೋಡಿ) ಅನುಪಾತ 6 ಆಗಿದ್ದರೆ ಅದೇ ವೇಗದಲ್ಲಿ ಶಾಫ್ಟ್ ಸೆಕೆಂಡಿಗೆ ಸುಮಾರು 31 ಸುತ್ತು ತಿರುಗುತ್ತದೆ. ಮೊಬೈಲಿನ ಕಂಪನ ಅಳೆಯುವ ಆ್ಯಪ್ ತೆರೆದು, ಫೋನನ್ನು ಹಿಂದಿನ ಆಕ್ಸಲ್‌ನ ಮೇಲ್ಭಾಗದ ನೆಲಕ್ಕೆ ಒತ್ತಿಟ್ಟು ನೋಡಿದಾಗ ಸೆಕೆಂಡಿಗೆ 5ರ ಆಸುಪಾಸು ತೋರಿದರೆ ಟೈರು, ಚಕ್ರದ ಡಿಸ್ಕ್ ಅಥವಾ ಡ್ರಮ್ಮಿನ ದೋಷ. 31 ತೋರಿದರೆ ಶಾಫ್ಟಿನ ಬ್ಯಾಲೆನ್ಸ್, ಬಾಗು ಅಥವಾ ಫ್ಲ್ಯಾಂಜಿನ (ಬೋಲ್ಟ್ ಹಾಕಿ ಜೋಡಿಸುವ ತುದಿಯ ಚಪ್ಪಟೆ ಬಿಲ್ಲೆಯ) ದೋಷ. ಅದರ ಎರಡರಷ್ಟು, ಎಂದರೆ 62 ತೋರಿದರೆ ಕ್ರಾಸುಗಳ ಕೋನದ ಅಥವಾ ಜೋಡಣೆಯ ದೋಷ. ಕ್ರಾಸ್ ಓರೆಯಾಗಿ ಕೆಲಸ ಮಾಡುವಾಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ತನ್ನ ಹಿಂದಿರುವ ಶಾಫ್ಟನ್ನು ವೇಗಗೊಳಿಸಿ ಎರಡು ಬಾರಿ ನಿಧಾನಿಸುವುದೇ ಈ ಎರಡರಷ್ಟಕ್ಕೆ ಕಾರಣ. ನಿಮ್ಮ ಬಸ್ಸಿನ ಅನುಪಾತ, ಟೈರಿನ ಅಳತೆ ಬೇರೆಯಾಗಿದ್ದರೆ ಲೆಕ್ಕವನ್ನು ಅದಕ್ಕೆ ತಕ್ಕಂತೆ ಹಾಕಿಕೊಳ್ಳಬೇಕು.

ಓಡುವಾಗ ಏನೂ ಇಲ್ಲದೆ, ಬಸ್ಸು ತುಂಬಿದ್ದು ಏರಿನಲ್ಲಿ ಫಸ್ಟ್ ಗೇರಿನಲ್ಲಿ ಹೊರಡುವಾಗ ಮಾತ್ರ ನಡುಕ ಬರುವುದು ಬೇರೆ ಸಂಗತಿ. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ನಿಂತು ಹೊರಟರೆ ಇದು ಸ್ಪಷ್ಟವಾಗಿ ತಿಳಿಯುತ್ತದೆ. ಕ್ಲಚ್ ಪೆಡಲ್ ಪೂರ್ತಿ ಬಿಟ್ಟ ಕೂಡಲೇ ನಡುಕ ನಿಂತರೆ ಕ್ಲಚ್ಚನ್ನು ನೋಡಬೇಕು. ಬಿಟ್ಟ ಮೇಲೂ ಉಳಿದರೆ ಸೆಂಟರ್ ಬೇರಿಂಗಿನ ರಬ್ಬರ್, ಅದರ ಬ್ರಾಕೆಟ್ ಮತ್ತು ಪ್ಲೇಟುಗಳನ್ನು ಆಕ್ಸಲ್‌ಗೆ ಬಿಗಿಯುವ ಹಿಂದಿನ ಯು ಬೋಲ್ಟುಗಳನ್ನು ಪರಿಶೀಲಿಸಬೇಕು.

ಇನ್ನು ಬಸ್ಸಿನ ಅಡಿಗೆ ಹೋಗುವ ಕೆಲಸ. ಚಕ್ರಗಳಿಗೆ ಮುಂದೆ ಹಿಂದೆ ಅಡ್ಡ ಕೊಡದೆ, ಜಾಕಿಯ ಮೇಲಷ್ಟೇ ನಿಂತ ಬಸ್ಸಿನ ಕೆಳಗೆ ಯಾರೂ ನುಸುಳಬಾರದು. ಎತ್ತಿದ ಬಸ್ಸು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂತಿರಬೇಕು. ಶಾಫ್ಟ್ ಬಿಚ್ಚಿದ ಕ್ಷಣದಿಂದ ಗೇರಿನಲ್ಲಿಟ್ಟ ಎಂಜಿನ್ ಬಸ್ಸನ್ನು ಹಿಡಿಯುವುದಿಲ್ಲ ಎಂಬುದನ್ನು ಮರೆಯಬಾರದು. ಶಾಫ್ಟ್ ಭಾರವಾದ ವಸ್ತು; ಕೊನೆಯ ಬೋಲ್ಟ್ ತೆಗೆಯುವ ಮುಂಚೆ ಅದನ್ನು ಹಗ್ಗದಿಂದಲೋ ಜಾಕಿಯಿಂದಲೋ ಆಧರಿಸಿರಬೇಕು. ಎಂಜಿನ್ ಓಡುತ್ತಿದ್ದು ಶಾಫ್ಟ್ ತಿರುಗುತ್ತಿರುವಾಗ ಕೆಳಗೆ ಯಾರೂ ಇರಕೂಡದು. ಇದಕ್ಕೆ ವಿನಾಯಿತಿಯೇ ಇಲ್ಲ.

ಮೊದಲು ಕಣ್ಣಿನಿಂದ ನೋಡಬೇಕು. ಶಾಫ್ಟಿನ ಕೊಳವೆಯ ಮೇಲೆ ಬೆಸುಗೆ ಹಾಕಿದ ಬ್ಯಾಲೆನ್ಸ್ ತುಂಡುಗಳು ಇವೆಯೇ, ಉದುರಿದ ಗುರುತು ಇದೆಯೇ, ಕೊಳವೆ ಎಲ್ಲಿಯಾದರೂ ಜಜ್ಜಿದೆಯೇ ಎಂದು ಪರೀಕ್ಷಿಸಬೇಕು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಶಾಫ್ಟಿನ ಒಂದೇ ಮಗ್ಗುಲಿಗೆ ಮೆತ್ತಿ ಒಣಗಿದ ಕೆಂಪು ಮಣ್ಣು ಕೂಡ ಬ್ಯಾಲೆನ್ಸ್ ಕೆಡಿಸಬಲ್ಲದು; ಚೆನ್ನಾಗಿ ತೊಳೆದ ಮೇಲೆಯೇ ಮುಂದಿನ ತೀರ್ಮಾನ ಮಾಡಬೇಕು. ಅಸಮತೋಲದ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 30ರ ವೇಗದಲ್ಲಿ ಗಮನಕ್ಕೇ ಬಾರದ ದೋಷ 60ರಲ್ಲಿ ನಾಲ್ಕು ಪಟ್ಟಾಗುತ್ತದೆ.

ರಿಪೇರಿಯ ನಂತರದ ಕಂಪನಕ್ಕೆ ನಾನು ಎಲ್ಲಕ್ಕಿಂತ ಮೊದಲು ಶಂಕಿಸುವುದು ಸ್ಲಿಪ್ ಯೋಕನ್ನು (ಕ್ರಾಸನ್ನು ಹಿಡಿಯುವ, ಶಾಫ್ಟಿನ ಮೇಲೆ ಜಾರುವ ಕವಲು ತುದಿಯನ್ನು) ತಪ್ಪು ಹಲ್ಲಿಗೆ ಕೂರಿಸಿರುವುದನ್ನು. ಒಂದೇ ಶಾಫ್ಟಿನ ಎರಡು ತುದಿಯ ಯೋಕುಗಳು ಒಂದೇ ಸಮತಲದಲ್ಲಿದ್ದರೆ, ಮುಂದಿನ ಕ್ರಾಸ್ ಹುಟ್ಟಿಸಿದ ವೇಗದ ಏರಿಳಿತವನ್ನು ಹಿಂದಿನ ಕ್ರಾಸ್ ಅಳಿಸಿಹಾಕುತ್ತದೆ. ಸ್ಪ್ಲೈನ್ (ಯೋಕ್ ಜಾರುವ ಹಲ್ಲುಗಳಿರುವ ಭಾಗ) ಎಳೆದು ಮತ್ತೆ ಸೇರಿಸುವಾಗ ಯೋಕ್ ತಿರುಗಿದರೆ ಈ ಹೊಂದಾಣಿಕೆ ಕೆಡುತ್ತದೆ. 16 ಹಲ್ಲಿನ ಸ್ಪ್ಲೈನ್ ಆದರೆ ಒಂದೇ ಹಲ್ಲು ತಪ್ಪಿದರೂ 22.5 ಡಿಗ್ರಿ ವ್ಯತ್ಯಾಸವಾಗುತ್ತದೆ. ತಯಾರಕರು ಎರಡೂ ಭಾಗಗಳ ಮೇಲೆ ಬಾಣದ ಗುರುತು ಒತ್ತಿರುತ್ತಾರೆ. ಗ್ರೀಸ್ ಮತ್ತು ಬಣ್ಣವನ್ನು ವೈರ್ ಬ್ರಷ್ಷಿನಿಂದ ಉಜ್ಜಿದರೆ ಅದು ಕಾಣುತ್ತದೆ. ಎರಡು ತುಂಡಿನ ಶಾಫ್ಟಿನಲ್ಲಿ ಮುಂದಿನ ತುಂಡಿಗೂ ಹಿಂದಿನ ತುಂಡಿಗೂ ಇರಬೇಕಾದ ಸಂಬಂಧವನ್ನು ಈ ಗುರುತಿನಿಂದಲೇ ನಿರ್ಧರಿಸಬೇಕು, ಕಣ್ಣಂದಾಜಿನಿಂದಲ್ಲ. ಗುರುತು ಸರಿಪಡಿಸಿದ ಕೂಡಲೇ ನಿಂತುಹೋಗುವ ಕಂಪನಕ್ಕೆ ಹೊಸ ಭಾಗ ಖರೀದಿಸುವ ಅಗತ್ಯವೇ ಇಲ್ಲ.

ಅದು ಸರಿಯಿದ್ದರೆ ಕ್ರಾಸಿನ ಜೋಡಣೆ ನೋಡಬೇಕು. ಕ್ರಾಸಿನ ತುದಿಗಳ ಮೇಲೆ ಕೂರುವ ಬೇರಿಂಗ್ ಕಪ್ ಒತ್ತುವಾಗ ಒಂದು ಸಣ್ಣ ಸೂಜಿ ಬೇರಿಂಗ್ ಕಳಚಿ ಕಪ್ಪಿನ ತಳಕ್ಕೆ ಅಡ್ಡಬಿದ್ದರೆ, ಆ ಕಪ್ ಪೂರ್ತಿ ಒಳಗೆ ಹೋಗದೆ ಅದನ್ನು ಹಿಡಿದಿಡುವ ಸರ್ಕ್ಲಿಪ್ ತನ್ನ ತೋಡಿನಲ್ಲಿ ಕೂರುವುದಿಲ್ಲ, ಅಥವಾ ಕ್ರಾಸ್ ನಡುಮಧ್ಯ ಬಿಟ್ಟು ಒಂದು ಕಡೆಗೆ ಸರಿದಿರುತ್ತದೆ. ಸುತ್ತಿಗೆಯಿಂದ ಬಲವಾಗಿ ಬಡಿದು ಕೂರಿಸಿದ ಕ್ರಾಸ್ ಕೈಯಲ್ಲಿ ಆಡಿಸಿದಾಗ ಒಂದು ದಿಕ್ಕಿಗೆ ಬಿಗಿಯಾಗಿ, ಇನ್ನೊಂದಕ್ಕೆ ಸಡಿಲವಾಗಿ ತೋರಿದರೆ ಅದನ್ನು ತೆಗೆದು ನೋಡಲೇಬೇಕು. ಗ್ರೀಸ್ ಹೊಡೆದಾಗ ನಾಲ್ಕೂ ಸೀಲುಗಳಿಂದ ಹೊಸ ಗ್ರೀಸ್ ಹೊರಗೆ ಬರಬೇಕು. ಒಂದರಿಂದ ಬಾರದಿದ್ದರೆ ಆ ಕಪ್ಪಿಗೆ ಗ್ರೀಸ್ ತಲುಪಿಲ್ಲ ಎಂದರ್ಥ. ಫ್ಲ್ಯಾಂಜುಗಳ ಮುಖದ ಮೇಲೆ ಬಣ್ಣ, ತುಕ್ಕು ಅಥವಾ ಏಟಿನಿಂದ ಎದ್ದ ಅಂಚು ಉಳಿದಿದ್ದರೂ ಶಾಫ್ಟ್ ಕೇಂದ್ರ ತಪ್ಪುತ್ತದೆ. ಮುಖವನ್ನು ಲೋಹ ಕಾಣುವಂತೆ ಒರೆಸಿ, ತಯಾರಕರು ಹೇಳಿದ ದರ್ಜೆಯ ಬೋಲ್ಟು, ಲಾಕ್ ನಟ್ಟುಗಳನ್ನೇ ಹಾಕಿ ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು.

ಪ್ಲೇಟುಗಳನ್ನೋ ಮೌಂಟಿಂಗುಗಳನ್ನೋ ಬಿಚ್ಚಿದ್ದರೆ ಕೋನ ಅಳೆಯದೆ ಮುಂದುವರಿಯಬಾರದು. ಬಸ್ಸು ಸಮತಟ್ಟಾದ ನೆಲದ ಮೇಲೆ ತನ್ನ ಚಕ್ರಗಳ ಮೇಲೆಯೇ ನಿಂತಿರಬೇಕು. ಏರ್ ಸಸ್ಪೆನ್ಷನ್ ಇದ್ದರೆ ಗಾಳಿ ತುಂಬಿ ಓಡುವ ಎತ್ತರಕ್ಕೆ ಬಂದಿರಬೇಕು. ಡಿಜಿಟಲ್ ಆ್ಯಂಗಲ್ ಗೇಜಿನಿಂದ ಗೇರ್‌ಬಾಕ್ಸ್, ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್, ಪಿನಿಯನ್ ಇವುಗಳ ಇಳಿಜಾರನ್ನು ಅಳೆಯಬೇಕು. ಅವು ಕ್ರಮವಾಗಿ 3, 4, 7 ಮತ್ತು 4 ಡಿಗ್ರಿ ಹಿಂದಕ್ಕೆ ಇಳಿದಿವೆ ಎಂದುಕೊಳ್ಳೋಣ. ಆಗ ಮೊದಲ ಕ್ರಾಸಿನ ಕೋನ 1 ಡಿಗ್ರಿ, ಉಳಿದೆರಡರದು ತಲಾ 3 ಡಿಗ್ರಿ. ಹಿಂದಿನ ಶಾಫ್ಟಿನ ಎರಡೂ ತುದಿಯ ಕೋನಗಳು ಸಮನಾಗಿರುವುದರಿಂದ ಇದು ಒಳ್ಳೆಯ ಜೋಡಣೆ. ಹೌಸಿಂಗ್ ಮತ್ತು ಪ್ಲೇಟಿನ ನಡುವಿನ 2 ಡಿಗ್ರಿಯ ಓರೆ ತುಂಡನ್ನು ಯಾರಾದರೂ ಹಿಂದುಮುಂದಾಗಿ ಹಾಕಿದ್ದರೆ ಪಿನಿಯನ್ನಿನ ಇಳಿಜಾರು 4 ಡಿಗ್ರಿ ಬದಲಾಗಿ ಸೊನ್ನೆಗೆ ಬರಬಹುದು, ಆಗ ಕೊನೆಯ ಕ್ರಾಸಿನ ಕೋನ 7 ಡಿಗ್ರಿಗೆ ಏರುತ್ತದೆ. ಹಿಂದಿನ ಶಾಫ್ಟಿನ ಎರಡು ತುದಿಯ ಕೋನಗಳ ನಡುವೆ 1 ಡಿಗ್ರಿಗಿಂತ ಹೆಚ್ಚು ಅಂತರ ಇರದಂತೆ ನೋಡಿಕೊಳ್ಳಬೇಕು. ಕೋನ ಪೂರ್ತಿ ಸೊನ್ನೆಯಾಗುವುದೂ ಒಳ್ಳೆಯದಲ್ಲ, ಏಕೆಂದರೆ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಜಾಗದಲ್ಲಿ ನಿಂತು ಕ್ರಾಸಿನ ಮೇಲೆ ಗೆರೆ ಮೂಡಿಸುತ್ತವೆ.

ಇದಾದ ಮೇಲೂ ಕಂಪನ ಉಳಿದರೆ ಶಾಫ್ಟಿನ ಬಾಗನ್ನು ಡಯಲ್ ಗೇಜಿನಿಂದ ಕೊಳವೆಯ ಎರಡು ತುದಿ ಮತ್ತು ಮಧ್ಯದಲ್ಲಿ ಅಳೆಯಬೇಕು. ಮಿತಿ ತಯಾರಕರ ಕೈಪಿಡಿಯಲ್ಲಿರುತ್ತದೆ, ಆದರೆ ಅರ್ಧ ಮಿಲಿಮೀಟರ್ ಮೀರಿದ ಶಾಫ್ಟನ್ನು ಸಂಶಯದಿಂದಲೇ ಕಾಣಬೇಕು. ರಿಪೇರಿಯಲ್ಲಿ ಬೆಸುಗೆ ಹಾಕಿದ ಶಾಫ್ಟ್ ಬಿಸಿಗೆ ಬಾಗಿರುವ ಸಾಧ್ಯತೆ ಹೆಚ್ಚು. ಬೆಸುಗೆಯ ಅರ್ತಿಂಗ್ ಕ್ಲ್ಯಾಂಪನ್ನು ದೂರ ಹಾಕಿ ಕರೆಂಟು ಕ್ರಾಸಿನ ಮೂಲಕ ಹರಿಯಲು ಬಿಟ್ಟಿದ್ದರೆ ಹೊಸ ಕ್ರಾಸ್ ಕೂಡ ಹಾಳಾಗಿರಬಹುದು. ಬಾಗಿರದ ಶಾಫ್ಟನ್ನು ಮಾತ್ರ ಬ್ಯಾಲೆನ್ಸಿಂಗ್‌ಗೆ ಕಳಿಸಬೇಕು. ಎರಡು ತುಂಡಿನದನ್ನು ಯೋಕು, ಕ್ರಾಸ್ ಸಮೇತ ಜೋಡಿಸಿಯೇ ಕೊಟ್ಟು, ಅದೇ ಗುರುತುಗಳಿಗೆ ಮತ್ತೆ ಸೇರಿಸಬೇಕು.

ಕಂಪನವನ್ನು ಸಹಿಸಿಕೊಂಡು ಬಸ್ಸು ಓಡಿಸುವುದು ಸಲ್ಲದು. ಅದು ಗೇರ್‌ಬಾಕ್ಸಿನ ಹಿಂದಿನ ಸೀಲನ್ನೂ ಪಿನಿಯನ್ ಬೇರಿಂಗನ್ನೂ ತಿನ್ನುತ್ತದೆ; ಬೋಲ್ಟು ಸಡಿಲಾಗಿ ಶಾಫ್ಟ್ ಕಳಚಿದರೆ ಪಕ್ಕದ ಬ್ರೇಕಿನ ಗಾಳಿ ಪೈಪುಗಳನ್ನು ಹರಿದುಹಾಕಬಲ್ಲದು. ಐವತ್ತು ಜನರನ್ನು ಕೂರಿಸಿಕೊಂಡು ಸಕಲೇಶಪುರದ ಆಚೆ ಇಳಿಯುವ ಬಸ್ಸಿಗೆ ಅಂಥ ಅಪಾಯ ಬರಬಾರದು. ಶಾಫ್ಟಿನ ಕೆಳಗಿನ ಗಾರ್ಡ್ ಪಟ್ಟಿಯನ್ನು ಬಿಚ್ಚಿದ್ದರೆ ಮರಳಿ ಹಾಕಿದ್ದಾರೆಯೇ ಎಂದು ಖುದ್ದಾಗಿ ನೋಡಬೇಕು. ಬಿಗಿದ ಪ್ರತಿ ನಟ್ಟಿನಿಂದ ಫ್ಲ್ಯಾಂಜಿಗೆ ಒಂದು ಬಣ್ಣದ ಗೆರೆ ಎಳೆದು, ಮೊದಲ ದಿನದ ಓಟ ಮುಗಿದ ಮೇಲೆ ಗೆರೆ ಸರಿದಿದೆಯೇ ಎಂದು ಪರೀಕ್ಷಿಸಿ, ಪ್ಲೇಟು ಬಿಚ್ಚಿದ್ದ ಬಸ್ಸಾದರೆ ಯು ಬೋಲ್ಟುಗಳನ್ನು ಲೋಡಿನಲ್ಲಿ ಓಡಿದ ನಂತರ ಮತ್ತೊಮ್ಮೆ ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು.