ಒಂದೇ ಗುಂಡಿ, ಮೂರು ಬಾಟಲಿ

ಬಾಟಲಿಯಲ್ಲಿ ಮಣ್ಣು ಕಲಕಿ ನೋಡುವ ಪರೀಕ್ಷೆಯನ್ನು ಹೆಚ್ಚಿನವರು ಮೇಲ್ಮಣ್ಣಿಗಷ್ಟೇ ಮಾಡಿ ಬಿಡುತ್ತಾರೆ. ಮರಳೆಷ್ಟು, ಜೇಡಿಯೆಷ್ಟು ಅನ್ನುವುದೇನೋ ಗೊತ್ತಾಗುತ್ತದೆ. ಆ ಮಣ್ಣು ಹುಟ್ಟಿದ್ದು ಹೇಗೆ ಅನ್ನುವುದು ಗೊತ್ತಾಗಬೇಕಾದರೆ ಕೆಳಗಿನ ಪದರಗಳೂ ಬೇಕು. ಹಾಗಾಗಿ ನಾನು ಗುಂಡಿ ತೋಡಿ ಪದರಕ್ಕೊಂದು ಬಾಟಲಿ ಇಡುತ್ತೇನೆ.

ಗುಂಡಿ ಒಂದು ಮೀಟರ್ ಆಳವಿದ್ದು, ಒಳಗೆ ಕೂರುವಷ್ಟು ಅಗಲವಿದ್ದರೆ ಸಾಕು. ಬೆಳಕು ಬೀಳುವ ಗೋಡೆಯನ್ನು ಚಾಕುವಿನ ಮೊನೆಯಿಂದ ಕೆದಕಿಕೊಳ್ಳಬೇಕು. ಸನಿಕೆ ಸವರಿದ ಮುಖದಲ್ಲಿ ಏನೂ ಕಾಣುವುದಿಲ್ಲ. ಬಣ್ಣ, ಬೇರು, ಗಡಸುತನ ಎಲ್ಲಿ ಬದಲಾಗುತ್ತದೋ ಅಲ್ಲೇ ಗೆರೆ. ಅಳತೆಪಟ್ಟಿ ಹಿಡಿದು ಸಮನಾಗಿ ಭಾಗ ಮಾಡಿದರೆ ಎರಡು ಪದರ ಒಂದೇ ಬಾಟಲಿಗೆ ಬಿದ್ದು ಪರೀಕ್ಷೆ ಕೆಡುತ್ತದೆ. ಮಾದರಿಯನ್ನು ತಳದಿಂದ ಮೇಲಕ್ಕೆ ತೆಗೆಯುತ್ತೇನೆ, ಮೇಲಿನ ಮಣ್ಣು ಉದುರಿ ಕೆಳಗಿನದಕ್ಕೆ ಸೇರದಿರಲಿ ಎಂದು.

ನೆರಳಲ್ಲಿ ಒಣಗಿಸಿ, ಹೆಂಟೆಗಳನ್ನು ಮರದ ತುಂಡಿನಿಂದ ಒಡೆದು, 2 ಮಿಲಿಮೀಟರ್ ಜರಡಿ ಹಿಡಿಯಬೇಕು. ನೇರ ಗೋಡೆಯ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಕುಲುಕಲು ಜಾಗ ಬಿಟ್ಟು ನೀರು, ಒಂದು ಚಮಚ ನೊರೆ ಕಡಿಮೆ ಬರುವ ಪಾತ್ರೆ ತೊಳೆಯುವ ಪುಡಿ. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹತ್ತು ನಿಮಿಷ ಬಿಡದೆ ಕುಲುಕಿ ಇಡುತ್ತೇನೆ. ಒಂದು ನಿಮಿಷಕ್ಕೆ ಕೂತದ್ದು ಮರಳು, ಎರಡು ಗಂಟೆಗೆ ಅದರ ಮೇಲೆ ಕೂತದ್ದು ರೇವೆ, ಒಂದೆರಡು ದಿನ ಹಿಡಿಯುವುದು ಜೇಡಿ. ಕಣದ ಅಡ್ಡಳತೆ ಅರ್ಧವಾದರೆ ಇಳಿಯುವ ವೇಗ ಕಾಲು ಭಾಗಕ್ಕೆ ಬರುತ್ತದೆ. ಮರಳು 0.05 ಮಿಲಿಮೀಟರಿಗಿಂತ ದಪ್ಪ, ಜೇಡಿ 0.002ಕ್ಕಿಂತ ಸಣ್ಣ, ಇಷ್ಟು ಹೊತ್ತಿನ ಅಂತರ ಅದಕ್ಕೇ.

ಕೈಗೆ ಅಂಟುವ ಮಣ್ಣು, ಆದರೂ ಒಂದೇ ಗಂಟೆಯಲ್ಲಿ ನೀರು ತಿಳಿಯಾಯಿತೆ? ಆ ಬಾಟಲಿಯನ್ನು ನಂಬಬೇಡಿ. ಸುಣ್ಣ ಅಥವಾ ಉಪ್ಪಿನಂಶ ಜೇಡಿಯ ಕಣಗಳನ್ನು ಗುಂಪುಗೂಡಿಸಿ ಬೇಗ ಇಳಿಸಿರುತ್ತದೆ. ಒಡೆಯದ ಸಣ್ಣ ಹೆಂಟೆಗಳು ಮರಳಿನ ಲೆಕ್ಕಕ್ಕೆ ಸೇರುವುದು ಇನ್ನೊಂದು ತಪ್ಪು. ಜೇಡಿ ನೀರು ಹಿಡಿದು ಉಬ್ಬುವುದರಿಂದ ಅದರ ಪದರ ಇರುವುದಕ್ಕಿಂತ ದಪ್ಪ ಕಾಣುತ್ತದೆ. ಅದಕ್ಕೇ ಕೈಯಲ್ಲೂ ನೋಡುತ್ತೇನೆ: ಹದವಾಗಿ ನೆನೆದ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ ಪಟ್ಟಿ ತೆಗೆದಾಗ 5 ಸೆಂಟಿಮೀಟರ್ ದಾಟಿಯೂ ತುಂಡಾಗದಿದ್ದರೆ ಅದು ಜೇಡಿಮಣ್ಣೇ.

ಇನ್ನು ಮೂರನ್ನೂ ಸಾಲಾಗಿ ಇಟ್ಟು ನೋಡುವುದು. ಮೇಲಿನದಕ್ಕಿಂತ ನಡುವಿನ ಬಾಟಲಿಯಲ್ಲಿ ಜೇಡಿ ಹೆಚ್ಚಿದ್ದರೆ ಮಳೆನೀರು ಅದನ್ನು ಕೆಳಗೆ ಇಳಿಸಿರಬಹುದು, ಇಲ್ಲವೇ ಖನಿಜಗಳು ಅಲ್ಲೇ ಕೊಳೆತು ಜೇಡಿಯಾಗಿರಬಹುದು. ನಡುವಿನ ಪದರದ ಹೆಂಟೆ ಮುರಿದು ಭೂತಗನ್ನಡಿಯಲ್ಲಿ ನೋಡಿದಾಗ ಮೈಮೇಲೆ ಮೇಣ ಹಚ್ಚಿದಂಥ ಹೊಳಪಿದ್ದರೆ ಅದು ಮೇಲಿಂದ ಇಳಿದು ಬಂದ ಜೇಡಿಯ ಲೇಪ, ಹಾಗಾಗಿ ಮೊದಲನೆಯದೇ ಸರಿ ಅನ್ನುತ್ತೇನೆ. ತಳದ ಬಾಟಲಿಯಲ್ಲಿ ಚೂಪು ಅಂಚಿನ ಹರಳುಗಳಿದ್ದು, ಗುಂಡಿಯ ಬುಡದ ಪುಡಿಗಲ್ಲಿಗೆ ಹೊಂದಿದರೆ ಮಣ್ಣು ನಿಂತಲ್ಲೇ ಹುಟ್ಟಿದೆ. ಕಲ್ಲುಗಳು ಉರುಟಾಗಿದ್ದು ಮರಳಿನ ಪಾಲು ಒಮ್ಮೆಗೇ ಏರಿಳಿದರೆ ಹೊಳೆ ತಂದು ಹಾಕಿದ್ದು. ಆಗ ಜೇಡಿ ಇಳಿದ ಲೆಕ್ಕ ಹಾಕುವಂತಿಲ್ಲ.

ಬೂದು ಬಣ್ಣದಲ್ಲಿ ತುಕ್ಕಿನ ಚುಕ್ಕೆಗಳಿದ್ದರೆ ಅಲ್ಲಿ ನೀರು ಆಗಾಗ ನಿಲ್ಲುತ್ತದೆ. ವಿನೆಗರ್ ಹನಿಸಿದಾಗ ಕೆಳಗಿನ ಪದರ ಮಾತ್ರ ನೊರೆಗಟ್ಟಿದರೆ ಮೇಲಿನ ಸುಣ್ಣ ಕರಗಿ ಕೆಳಗೆ ಸೇರಿದೆ ಅಂತ.

ಗುಂಡಿ ಮುಚ್ಚುವಾಗ ತಳದ ಮಣ್ಣು ತಳಕ್ಕೆ, ಕಪ್ಪು ಮೇಲ್ಮಣ್ಣು ಕೊನೆಗೆ. ಅಗೆಯುವಾಗಲೇ ಬೇರೆ ಬೇರೆ ರಾಶಿ ಹಾಕಿಕೊಂಡಿದ್ದರೆ ಇದು ಸುಲಭ.